ಪಕ್ಕದಲ್ಲಿ ಕೂರುವವಳು

ಮಧುಗಿರಿಯ ಒಂದು ಶಾಲೆಯಲ್ಲಿ, ಎರಡನೇ ತರಗತಿಯ ಕೊನೆಯ ಬೆಂಚಿನಲ್ಲಿ, ಸೀರೆಯುಟ್ಟ ವಿದ್ಯಾರ್ಥಿನಿಯೊಬ್ಬಳು ಕೂರುತ್ತಿದ್ದಳು. ಹೆಸರು ಲೋಹಿತಾ, ವಯಸ್ಸು ಮೂವತ್ತು ದಾಟಿದೆ. ಮಕ್ಕಳು ಅವಳನ್ನು ‘ಸಿಂಚನಾ ಅಮ್ಮ’ ಎಂದು ಕರೆದು, ಮೊಂಡಾದ ಪೆನ್ಸಿಲನ್ನೆಲ್ಲ ಅವಳ ಮುಂದೆ ಚಾಚುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಅನ್ನುವುದೊಂದು ಬಿಟ್ಟರೆ, ಅವಳಷ್ಟು ತಪ್ಪದೆ ಶಾಲೆಗೆ ಬಂದವರು ಆ ಕ್ಲಾಸಿನಲ್ಲೇ ಇಲ್ಲ.

ಮಗಳು ಸಿಂಚನಾಗೆ ಆಟಿಸಂ. ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ನುಗ್ಗುವಳು, ಪಕ್ಕದವರ ಮೈ ತಾಗಿದರೆ ಕಿರುಚುವಳು. ಅಮ್ಮನ ಕೈ ಬೆನ್ನ ಮೇಲಿದ್ದರೆ ಮಾತ್ರ ಸುಮ್ಮನೆ ಕೂತು ದುಂಡಗೆ ಬರೆಯುವಳು. ಹಾಗಾಗಿ ಲೋಹಿತಾ ದಿನಾ ಬೆಳಿಗ್ಗೆ ತಮ್ಮೂರು ಐ.ಡಿ.ಹಳ್ಳಿಯಲ್ಲಿ ಮಗಳ ಜೊತೆ ಬಸ್ಸು ಹತ್ತಿ, ಸಂಜೆ ಜೊತೆಯಲ್ಲೇ ವಾಪಸಾಗುತ್ತಿದ್ದಳು. ಇದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ, ಇದ್ದದ್ದು ಭಯ. ಈ ಹುಡುಗಿ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುವುದಿಲ್ಲವಲ್ಲ, ನಾನಿಲ್ಲದ ದಿನ ಇವಳ ಗತಿ ಏನು ಎಂದು ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ.

ಆ ದಿನ ಬೇಗನೇ ಬಂತು. ಲೋಹಿತಾ ಜ್ವರ ಬಂದು ಮಲಗಿದ್ದಳು. ಗೊಬ್ಬರದ ಅಂಗಡಿ ಇಟ್ಟಿರುವ ಗಂಡ ಪರಮೇಶ್ ಮಗಳನ್ನು ಶಾಲೆಗೆ ಬಿಟ್ಟು ಬಂದ. ಬೆಲ್ ಹೊಡೆದ ಕೂಡಲೇ ಹುಡುಗಿ ಕ್ಲಾಸಿನಿಂದ ಓಡಿ, ಗೇಟು ದಾಟಿ, ನಡುರಸ್ತೆಯಲ್ಲಿ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು. ಎದುರಿಗೆ ಲಾರಿ. ಹೆಡ್‌ಮಾಸ್ಟರ್ ರುದ್ರಮುನಿ ಚಪ್ಪಲಿಯನ್ನೂ ಹಾಕದೆ ಓಡಿ ಹೋಗಿ ಎತ್ತಿಕೊಂಡು ಬಂದರು.

ಮರುದಿನ ಅವರು ಲೋಹಿತಾಳನ್ನು ಕರೆಸಿದಾಗ ಸಿಟ್ಟಿನಲ್ಲಿರಲಿಲ್ಲ, ಹೆದರಿದ್ದರು. ಕ್ಲಾಸು ತುಂಬ ಮಕ್ಕಳನ್ನಿಟ್ಟುಕೊಂಡು ಟೀಚರ್ ಇವಳೊಬ್ಬಳನ್ನೇ ಕಾಯಲು ಆಗುವುದಿಲ್ಲ, ತಾಯಿಯೇ ಎಷ್ಟು ವರ್ಷ ಕೂತಾಳು ಎಂದರು. ಸಿಂಚನಾಗೆಂದೇ ಒಬ್ಬ ಸಹಾಯಕಿಯನ್ನು ಶಾಲೆಯ ಕಮಿಟಿ ನೇಮಿಸುತ್ತದೆ, ಆದರೆ ಬೇಕೇ ಬೇಕು ಎಂದು ಡಾಕ್ಟರು ಬರೆದುಕೊಡಬೇಕು, ಹಾಗಿಲ್ಲದಿದ್ದರೆ ಕಮಿಟಿ ಒಪ್ಪುವುದಿಲ್ಲ ಎಂದರು. ಸಹಾಯಕಿ ಸಿಗದಿದ್ದರೆ ಜೂನ್‌ನಿಂದ ಮಗುವನ್ನು ಕಳಿಸಬೇಡಿ ಎಂಬ ಮಾತನ್ನು ಮಾತ್ರ ಕಿಟಕಿ ಕಡೆ ನೋಡುತ್ತಾ ಹೇಳಿದರು.

ಆಗಲೇ ಶಿರಾದಲ್ಲಿ ಇಂಥ ಮಕ್ಕಳ ತಪಾಸಣಾ ಶಿಬಿರವಿತ್ತು. ಇಲ್ಲೇ ನೋಡಿ, ಮನೆಮಂದಿಯೆಲ್ಲ ಸೇರಿ ಎಡವಿದ್ದು.

ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಬಾಯಿಪಾಠ ನಡೆಯಲೇಬೇಕು. ಲೋಹಿತಾಳ ಅತ್ತೆ ಕಮಲಾಕ್ಷಮ್ಮ ಮೊಮ್ಮಗಳನ್ನು ದೇವರ ಮುಂದೆ ಕೂರಿಸಿಕೊಂಡು ವಾರ, ಮಾಸ, ನಕ್ಷತ್ರ ಎಲ್ಲ ಹೇಳಿಸುವರು. ಹುಡುಗಿ ಒಮ್ಮೆ ಕೇಳಿದರೆ ಸಾಕು, ಮರೆಯುವ ಮಾತೇ ಇಲ್ಲ. ನೆಂಟರು ಬಂದಾಗ ಅಜ್ಜಿ ‘ಪ್ರಭವ’ ಎಂದು ಶುರು ಹಚ್ಚಿದರೆ ಮೊಮ್ಮಗಳು ಅರವತ್ತು ಸಂವತ್ಸರಗಳನ್ನೂ ಉಸಿರು ಬಿಡದೆ ಒಪ್ಪಿಸುವಳು. ಈ ಮಗೂಗೆ ಏನೂ ಆಗಿಲ್ಲ ಬಿಡಿ ಎನ್ನುತ್ತಾ ನೆಂಟರು ಕಾಫಿ ಕುಡಿಯುವರು. ಆ ಒಂದು ಮಾತಿಗಾಗಿ ಕಮಲಾಕ್ಷಮ್ಮ ಜೀವ ಹಿಡಿದುಕೊಂಡಿದ್ದರು. ಸುಳ್ಳೇಕೆ, ಲೋಹಿತಾಗೂ ಅದು ಹಿತವಾಗಿತ್ತು.

ಶಿಬಿರಕ್ಕೆ ಹುಡುಗಿಗೆ ರೇಷ್ಮೆ ಲಂಗ ಉಡಿಸಿಕೊಂಡು ಮನೆಯವರೆಲ್ಲ ಹೊರಟರು. ಡಾಕ್ಟರಮ್ಮ ಏನು ಕೇಳಿದರೂ ಲೋಹಿತಾ ಮಗಳ ಬೆನ್ನು ಸವರುತ್ತಾ ಕಿವಿಯಲ್ಲಿ ಉತ್ತರ ಉಸುರಿದಳು, ಮಗಳು ಅದನ್ನೇ ಗಟ್ಟಿಯಾಗಿ ಹೇಳಿದಳು. ಕೊನೆಗೆ ಕಮಲಾಕ್ಷಮ್ಮ ಸುಮ್ಮನಿರಲಾರದೆ ‘ಪ್ರಭವ’ ಎಂದರು. ಡಾಕ್ಟರಮ್ಮ ಬೆರಗಾಗಿ ನರ್ಸನ್ನೂ ಕರೆದು ಕೇಳಿಸಿದರು. ಬರೆದುಕೊಟ್ಟ ಚೀಟಿಯಲ್ಲಿ ತೊಂದರೆ ಅಲ್ಪ ಎಂದು ಪರಮೇಶ್ ಮೇಲಿನ ಸಾಲು ಓದಿ ಹೇಳಿದಾಗ ಎಲ್ಲರ ಮುಖವೂ ಅರಳಿತು, ಸಹಾಯಕಿಯ ಮಾತೇ ಮರೆತು, ಬರುವಾಗ ಜಿಲೇಬಿ ಕಟ್ಟಿಸಿಕೊಂಡು ಬಂದರು! ಪರೀಕ್ಷೆ ಅಂದರೆ ಪಾಸಾಗಬೇಕು ಎಂದಷ್ಟೇ ಗೊತ್ತಿದ್ದ ಜನ. ಫೇಲಾಗಬೇಕಾದ ಪರೀಕ್ಷೆಯೂ ಇರುತ್ತದೆ ಎಂದು ಅವರಿಗೆ ಹೇಳಿದವರು ಯಾರು?

ಆಮೇಲೆ ಹೇಳಿದವರು ರುದ್ರಮುನಿ. ಪ್ರತ್ಯೇಕ ಸಹಾಯಕಿಯ ಅಗತ್ಯವಿಲ್ಲ ಎಂಬ ಕೊನೆಯ ಸಾಲನ್ನು ಅವರು ಓದಿದ ಮೇಲೆಯೇ ಲೋಹಿತಾಗೆ ಅದು ಅರ್ಥವಾದದ್ದು. ಮನೆಗೆ ಬಂದವಳೇ, ಮದುವೆಯಾದಂದಿನಿಂದ ಅತ್ತೆಗೆ ಎದುರಾಡದಿದ್ದವಳು, ಅವತ್ತು ಬಾಯಿಗೆ ಬಂದಂತೆ ಆಡಿದಳು. ನಿಮ್ಮ ಒಣಜಂಬಕ್ಕೆ ನನ್ನ ಮಗಳ ಸ್ಕೂಲೇ ಹೋಯಿತು ಎಂದಳು. ಕಿವಿಯಲ್ಲಿ ಉತ್ತರ ಉಸುರಿದ್ದು ತಾನೇ ಎಂಬುದು ಅವಳಿಗೂ ಗೊತ್ತಿತ್ತು, ಅದಕ್ಕೇ ದನಿ ಇನ್ನೂ ಏರಿತು. ಕಮಲಾಕ್ಷಮ್ಮ ಊಟವನ್ನೂ ಮಾಡದೆ ಮಲಗಿದರು.

ರುದ್ರಮುನಿ ಪುಣ್ಯಾತ್ಮರು. ನಾಲ್ಕಾರು ಕಡೆ ಫೋನ್ ಮಾಡಿ, ಅದೇ ಡಾಕ್ಟರಮ್ಮ ಇನ್ನೊಮ್ಮೆ ನೋಡುವಂತೆ ಮಾಡಿದರು. ಈ ಸಲ ಮಗಳು ಶಾಲೆಯ ಯೂನಿಫಾರಂನಲ್ಲೇ ಹೊರಟಳು. ಕಮಲಾಕ್ಷಮ್ಮ ಕರೆಯದಿದ್ದರೂ ಬಂದು ಬಸ್ಸು ಹತ್ತಿದರು. ಲೋಹಿತಾಗೆ ಬೇಡವೆನ್ನುವ ಮನಸ್ಸಿತ್ತು, ಆದರೂ ಸರಿದು ಜಾಗ ಕೊಟ್ಟಳು.

ಒಳಗೆ ಡಾಕ್ಟರಮ್ಮ ಹೆಸರು ಕೇಳಿದರು. ಹುಡುಗಿ ಫ್ಯಾನ್ ನೋಡುತ್ತಿದ್ದಳು. ಲೋಹಿತಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಅಷ್ಟರಲ್ಲಿ ಹೊರಗೆ ಯಾರೋ ಸ್ಟೀಲ್ ತಟ್ಟೆ ಬೀಳಿಸಿದರು. ಹುಡುಗಿ ಕಿರುಚುತ್ತಾ ಮೇಜಿನ ಕೆಳಗೆ ನುಗ್ಗಿ ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳತೊಡಗಿದಳು. ಹೆತ್ತ ಕರುಳು, ಕೂತಿರುವುದು ಹೇಗೆ? ಲೋಹಿತಾ ಎದ್ದೇಬಿಟ್ಟಳು. ಸೆರಗು ಹಿಡಿದೆಳೆದು ಕೂರಿಸಿದ್ದು ಕಮಲಾಕ್ಷಮ್ಮ. ಡಾಕ್ಟರಮ್ಮನೇ ಮೇಜಿನ ಕೆಳಗೆ ಬಗ್ಗಿ ಹುಡುಗಿಯ ಕೈಯನ್ನು ಬಾಯಿಂದ ಬಿಡಿಸಬೇಕಾಯಿತು.

ಹೋದ ಸಲ ಅಷ್ಟು ಚೆನ್ನಾಗಿ ಹೇಳಿದಳಲ್ಲ ಎಂದು ಅವರು ಕೇಳಿದಾಗ, ಉತ್ತರ ಕೊಟ್ಟದ್ದು ಅಜ್ಜಿ.

“ಅದು ನಾವು ಗಿಣಿಗೆ ಹೇಳ್ಕೊಟ್ಟಂಗೆ ಹೇಳ್ಕೊಟ್ಟಿದ್ದು ಕಣಮ್ಮ. ನನ್ ಮೊಮ್ಮಗೀಗೆ ಹೊಟ್ಟೆ ಹಸೀತದೆ ಅನ್ನಾಕೆ ಬರಾಕಿಲ್ಲ. ಹೊಟ್ಟೆನೋವು ಬಂದ್ರೆ ಗೋಡೆಗೆ ತಲೆ ಚಚ್ಕೊಂತಾಳೆ. ಊರೋರ ಮುಂದೆ ಮುಚ್ಚಿಟ್ಕೊಂಡು ಬಂದ್ಬುಟ್ಟೆ. ನಿಮ್ಮ ಮುಂದೂ ಮುಚ್ಚಿಟ್ಟೆ, ತಪ್ಪಾಯ್ತು.”

ಲೋಹಿತಾ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರಮ್ಮ ಹೊಸ ಹಾಳೆ ಎಳೆದುಕೊಂಡು ಬರೆದರು.

ಜೂನ್‌ನಲ್ಲಿ ಸಹಾಯಕಿಯಾಗಿ ಆಶಾರಾಣಿ ಬಂದಳು, ಆಗಷ್ಟೇ ಟೀಚರ್ ಟ್ರೈನಿಂಗ್ ಮುಗಿಸಿದ್ದ ಕೊರಟಗೆರೆ ಕಡೆಯ ಹುಡುಗಿ. ಮೊದಮೊದಲು ಸಿಂಚನಾ ಅವಳನ್ನು ಪರಚಿದಳು, ಜಡೆ ಹಿಡಿದು ಜಗ್ಗಿದಳು. ಲೋಹಿತಾ ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಜಗುಲಿಗೆ, ಜಗುಲಿಯಿಂದ ಗೇಟಿಗೆ ಸರಿದು, ದೀಪಾವಳಿ ಕಳೆಯುವ ಹೊತ್ತಿಗೆ ಸಂಜೆ ಮಾತ್ರ ಬಂದು ಮಗಳನ್ನು ಕರೆದೊಯ್ಯುವಂತಾದಳು.

ಒಂದು ಸಂಜೆ ಶಾಲೆ ಬಿಟ್ಟು ಮಕ್ಕಳೆಲ್ಲ ಹೊರಬಂದರು. ಸಿಂಚನಾ ಆಶಾರಾಣಿಯ ಬೆರಳು ಹಿಡಿದುಕೊಂಡು ಬಂದಳು. ಲೋಹಿತಾ ಕೈ ಚಾಚಿದಳು. ಮಗಳು ಆ ಕೈ ನೋಡಿ, ಬರುವುದಿಲ್ಲವೆಂದು ತಲೆ ಕೊಡವಿ, ಆಶಾರಾಣಿಯ ಬೆನ್ನ ಹಿಂದೆ ಸರಿದು ನಿಂತಳು. ಆಶಾರಾಣಿಗೆ ನಾಚಿಕೆಯಾಗಿ, ಬೇಜಾರು ಮಾಡ್ಕೋಬೇಡಿ ಅಕ್ಕ ಎಂದಳು.

ಲೋಹಿತಾಳ ಕಣ್ಣು ತುಂಬಿ ಬಂತು. ಅಯ್ಯೋ, ಇದಕ್ಕೆ ಬೇಜಾರು ಮಾಡ್ಕೊಳ್ಳೋದುಂಟೇ ಎಂದು ನಗುತ್ತಾ, ಇನ್ನೂ ಸ್ವಲ್ಪ ಹೊತ್ತು ಅವಳು ನಿನ್ನ ಕೈ ಹಿಡ್ಕೊಂಡೇ ಇರ್ಲಿ ಎಂದು ಹೇಳಿ, ಬಂದಿದ್ದ ಬಸ್ಸನ್ನು ಹೋಗಲು ಬಿಟ್ಟಳು.