ನೆತ್ತಿ ಮುಟ್ಟುವ ಸ್ನೋಬೋರ್ಡು

ಹತ್ತೊಂಬತ್ತು ವರ್ಷ ಕಾರುಗಳ ಸಸ್ಪೆನ್ಷನ್ ಜೊತೆ ಸಂಸಾರ ಮಾಡಿದವನು ರಘೋತ್ತಮ. ಯಾವ ರಸ್ತೆಗೆ ಎಂಥ ಸ್ಪ್ರಿಂಗ್ ಬೇಕು, ಎಷ್ಟು ಉದ್ದದ ಗಾಡಿ ಎಷ್ಟು ಚುರುಕಾಗಿ ತಿರುಗುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಪರದೇಶದಲ್ಲಿ ಅವನಿದ್ದ ಲಿವೋನಿಯಾ ಊರಿನ ಕನ್ನಡದವರಲ್ಲಿ ಯಾರೇ ಹಳೇ ಕಾರು ಕೊಳ್ಳಲಿ, ಮೊದಲು ಇವನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರುತ್ತಿದ್ದರು. ಇವನು ‘ಪರವಾಗಿಲ್ಲ’ ಎಂದರೆ ವ್ಯಾಪಾರ ಕುದುರಿತೆಂದೇ ಲೆಕ್ಕ. ಅಂಥವನನ್ನು ಕಾರಿನ ಬಿಡಿಭಾಗ ಮಾಡುವ ಅವನ ಕಂಪನಿ ೨೦೦೮ರ ನವೆಂಬರಿನಲ್ಲಿ ಹತ್ತು ನಿಮಿಷ ಮಾತಾಡಿಸಿ ಮನೆಗೆ ಕಳಿಸಿತು.

ಆಮೇಲೆ ಅಪ್ಲೈ ಮಾಡಿದ ಕಡೆಯಿಂದೆಲ್ಲ ಒಂದೇ ಉತ್ತರ, ಅಂದರೆ ಉತ್ತರವೇ ಇಲ್ಲ. ಹೆಂಡತಿ ಇಂದುಮತಿ ಆಸ್ಪತ್ರೆಯ ಲ್ಯಾಬಿನಲ್ಲಿ ಶಿಫ್ಟ್ ಹೆಚ್ಚು ಮಾಡಿಕೊಂಡಳು. ಇವನು ಅಡುಗೆಮನೆಯ ಡಬ್ಬಿಗಳಿಗೆಲ್ಲ ಲೇಬಲ್ ಅಂಟಿಸಿದ. ಬೆಂಗಳೂರಿನಿಂದ ಬಂದವಳಿಗೆ ಯಾವುದು ಧನಿಯಾ, ಯಾವುದು ಜೀರಿಗೆ ಎಂದು ಓದಿ ತಿಳಿಯುವ ಅಗತ್ಯವೇನೂ ಇರಲಿಲ್ಲ. ಆದರೂ ಅವಳು ಲೇಬಲ್ ಓದಿಯೇ ಡಬ್ಬಿ ತೆಗೆಯುತ್ತಿದ್ದಳು. ಮನೆಯಲ್ಲಿ ಯಾರೂ ಏನೂ ಅನ್ನದಿರುವುದನ್ನೇ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಮಗಳು ವಿಭಾಳಿಗೆ ಹದಿಮೂರು ತುಂಬುವುದರಲ್ಲಿತ್ತು. ಪ್ರತಿ ಬುಧವಾರ ಶಾಲೆ ಬಿಟ್ಟ ಮೇಲೆ ಸ್ಕೀ ಕ್ಲಬ್ಬಿನ ಬಸ್ಸು ಮಕ್ಕಳನ್ನು ಊರಾಚೆಯ ಹಿಮದ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿತ್ತು. ಅಲ್ಲಿ ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆಯ, ಅಂದರೆ ಬಾಡಿಗೆ ಸ್ನೋಬೋರ್ಡಿನ, ಸಾಲಿನಲ್ಲಿ ನಿಂತೇ ಅರ್ಧ ಹೊತ್ತು ಕಳೆದುಹೋಗುತ್ತದೆ ಎಂದು ಅವಳು ಬೇಸಿಗೆಯಿಡೀ ಜಗಳವಾಡಿ, ಹುಟ್ಟಿದಹಬ್ಬಕ್ಕೆ ಸ್ವಂತದ್ದು ಕೊಡಿಸುವ ಮಾತು ತೆಗೆದುಕೊಂಡಿದ್ದಳು. ನವೆಂಬರಿನ ನಂತರ ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ಇವನೇ ಎತ್ತಿದ. ಕೊಟ್ಟ ಮಾತು, ಅದೂ ಮಗಳಿಗೆ. ಇದೊಂದನ್ನಾದರೂ ಸರಿಯಾಗಿ ಮಾಡಿ ತೋರಿಸಬೇಕೆಂದು ಅವನಿಗೆ ಹಟ ಬಂತು.

ಒಂದು ವಾರ ಓದಿದ. ತೂಕ, ಎತ್ತರ, ಬೂಟಿನ ಸೈಜು, ಬೋರ್ಡಿನ ಬಿಗಿ ಎಂದು ಕಾಲಂ ಎಳೆದು ಎಕ್ಸೆಲ್ ಶೀಟು ಮಾಡಿದ. ಮೂರು ತಿಂಗಳಲ್ಲಿ ಮೊದಲ ಸಲ ಬೆಳಿಗ್ಗೆ ಎದ್ದ ತಕ್ಷಣ ಗಡ್ಡ ಬೋಳಿಸಿಕೊಂಡ. ಆಮೇಲೆ ಮಗಳನ್ನು ಕರೆದುಕೊಂಡು, ವ್ಯಾಪಾರವಿಲ್ಲದೆ ಬಾಗಿಲು ಹಾಕುತ್ತಿದ್ದ ಒಂದು ಅಂಗಡಿಗೆ ಹೋದ. ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಅಂಗಡಿಯ ಮುದುಕ ಮೊದಲು ವಿಭಾಳನ್ನು ಮಾತಾಡಿಸಿದ. ಎಲ್ಲಿ ಓಡಿಸುತ್ತೀ, ನೇರ ಇಳಿಯುವುದು ಇಷ್ಟವೋ, ತಿರುಗುತ್ತ ಇಳಿಯುವುದು ಇಷ್ಟವೋ ಎಂದು ಕೇಳಿದ. ತಿರುಗೋದು ಎಂದಳು. ಹಾಗಾದರೆ ಗಲ್ಲ ಮುಟ್ಟುವ ಉದ್ದ ಸಾಕು, ಮೆತ್ತಗೆ ಬಳುಕಬೇಕು ಎಂದು ಒಂದನ್ನು ತೆಗೆದುಕೊಟ್ಟ. ನಮ್ಮ ಕಡೆಯ ಗುಡ್ಡಗಳು ಚಿಕ್ಕವು, ಮೆಷಿನ್ನಿನಲ್ಲಿ ಮಾಡಿ ಹರಡಿದ ಹಿಮ ಗಟ್ಟಿಯಾಗಿ ಮಂಜುಗಡ್ಡೆಯೇ ಆಗಿರುತ್ತದೆ, ಉದ್ದನೆಯ ಬಿಗಿ ಬೋರ್ಡುಗಳೆಲ್ಲ ಪಶ್ಚಿಮದ ದೊಡ್ಡ ಬೆಟ್ಟಗಳಲ್ಲಿ ವೇಗವಾಗಿ ಇಳಿಯುವವರಿಗೆ ಎಂದು ಬಿಡಿಸಿ ಹೇಳಿದ. ರಘೋತ್ತಮನ ಶೀಟೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು.

ಇಲ್ಲಿ ನೋಡಿ ನಮ್ಮ ಎಂಜಿನಿಯರ್ ಸಾಹೇಬರ ಬುದ್ಧಿ. ಮೈಸೂರಿನಲ್ಲಿ ಅವನ ಸ್ಕೂಲ್ ಯೂನಿಫಾರ್ಮನ್ನು ದರ್ಜಿ ಯಾವತ್ತೂ ಎರಡಿಂಚು ದೊಡ್ಡದಾಗಿಯೇ ಹೊಲಿಯುತ್ತಿದ್ದ. ಬೂಟಿನ ಮೂತಿಗೆ ಹತ್ತಿ ತುರುಕಿಕೊಂಡೇ ಅವನು ಮೂರನೇ ಕ್ಲಾಸು ಮುಗಿಸಿದ. ಬೆಳೆಯುವ ಮಕ್ಕಳಿಗೆ ಅಳತೆಗೆ ಸರಿಯಾಗಿ ಕೊಡಿಸುವವರು ದುಡ್ಡಿನ ಬೆಲೆ ಗೊತ್ತಿಲ್ಲದವರು ಎಂಬುದು ಅವನ ರಕ್ತದಲ್ಲೇ ಇತ್ತು. ಇನ್ನೊಂದು ಕೊಡಿಸುವ ಕಾಲ ಮತ್ತೆ ಬಂದೀತೋ ಇಲ್ಲವೋ ಎಂಬ ಭಯವೂ ಜೊತೆಗೂಡಿತು. ಶೀಟು ಮಡಚಿ ಜೇಬಿಗಿಟ್ಟು, ಮಗಳ ನೆತ್ತಿ ಮುಟ್ಟುವ ಬೋರ್ಡನ್ನು ಎತ್ತಿಕೊಂಡ.

“ಎರಡು ವರ್ಷದಲ್ಲಿ ಉದ್ದ ಆಗ್ತೀಯ ಪುಟ್ಟಿ. ಆಗ ಇದೇ ಸರಿಹೋಗುತ್ತೆ.”

ವಿಭಾ ಗಲ್ಲದೆತ್ತರದ ಬೋರ್ಡನ್ನು ವಾಪಸು ಗೋಡೆಗೆ ಒರಗಿಸಿದಳು. “ಇಟ್ಸ್ ಫೈನ್, ಅಪ್ಪ,” ಎಂದಳು. ಹಿಂದಿನ ವರ್ಷವಾಗಿದ್ದರೆ ಕಾಲು ನೆಲಕ್ಕೆ ಅಪ್ಪಳಿಸಿ ಅಂಗಡಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಮಗಳಿಗೆ ಬುದ್ಧಿ ಬಂತು ಎಂದು ಅವನು ಖುಷಿಪಟ್ಟ.

ಮೂರು ಬುಧವಾರ ಕಳೆದವು. ಹೇಗಿತ್ತು ಎಂದರೆ ಗುಡ್ ಎನ್ನುತ್ತಿದ್ದಳು. ಮೊಣಕೈ ಕಂದಿದ್ದನ್ನು ಕೇಳಿದರೆ ಎಲ್ಲರೂ ಬೀಳುತ್ತಾರೆ ಎಂದಳು. ನಾಲ್ಕನೇ ಬುಧವಾರ ಅವನು ಹೇಳದೆ ಕೇಳದೆ ಕಾರು ತೆಗೆದ, ಇಪ್ಪತ್ತು ಮೈಲಿ ಡ್ರೈವ್ ಮಾಡಿದ. ಮಗಳು ತನ್ನ ಬೋರ್ಡಿನ ಮೇಲೆ ಇಳಿಯುವುದನ್ನು ಕಣ್ಣಾರೆ ನೋಡುವ ಆಸೆ.

ಕ್ಯಾಂಟೀನಿನ ಗಾಜಿನ ಹಿಂದೆ ಕಾಫಿ ಹಿಡಿದು ನಿಂತ. ಕಿತ್ತಳೆ ಬಣ್ಣದ ಜಾಕೆಟ್ಟಿನ ವಿಭಾ ಮೇಲಿನಿಂದ ಇಳಿದಳು. ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು, ಎಲ್ಲೂ ತಡವರಿಸಲಿಲ್ಲ. ಬಾಯಿ ತುಂಬ ನಗುತ್ತಿದ್ದಳು. ನವೆಂಬರಿನಿಂದ ಅವನು ಆ ನಗು ನೋಡಿರಲಿಲ್ಲ. ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ ಅವಳ ಕಾಲಡಿಯಲ್ಲಿದ್ದದ್ದು ಬಾಡಿಗೆಯ ಗಿಡ್ಡ ಬೋರ್ಡು. ಅವನು ಕೊಡಿಸಿದ್ದು ಬೇಲಿಗೆ ಒರಗಿತ್ತು, ಪಕ್ಕದಲ್ಲಿ ಅವಳ ಗೆಳತಿ ದಿಯಾ ಕುಳಿತಿದ್ದಳು.

ಅಲ್ಲಿಂದಲೇ ಮರಳಿದ್ದರೆ ಚೆನ್ನಾಗಿತ್ತು. ಏನೋ ಹೇಳಬೇಕೆಂದು ಹೊರಗೆ ಕಾಲಿಟ್ಟ. ವಿಭಾ ನೋಡಿಬಿಟ್ಟಳು. ಕೈ ಬೀಸಿದವಳೇ, ಬಗ್ಗಿ ಗಿಡ್ಡ ಬೋರ್ಡನ್ನು ಕಾಲಿನಿಂದ ಬಿಚ್ಚಿ, ಅದನ್ನು ಬಾಡಿಗೆಗೆ ಪಡೆದಿದ್ದ ದಿಯಾಳಿಗೆ ವಾಪಸು ಕೊಟ್ಟು, ಉದ್ದದ್ದನ್ನು ಹೊತ್ತು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಿದಳು.

ಮೇಲಿನಿಂದ ಹೊರಟಾಗಲೇ ಅವನಿಗೆ ಗೊತ್ತಾಯಿತು. ಅಷ್ಟು ಉದ್ದ, ಅಷ್ಟು ಬಿಗಿ, ಅದನ್ನು ಬಾಗಿಸಲು ಈ ಮಗುವಿಗೆ ತೂಕವೆಲ್ಲಿದೆ? ತಿರುವಿನಲ್ಲಿ ಬೋರ್ಡು ತಿರುಗಲಿಲ್ಲ. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಪ್ರತಿ ಸಲ ಎಲ್ಲಿ ಬೀಳುತ್ತಾಳೆಂದು ಅವನು ಮೊದಲೇ ಹೇಳಬಲ್ಲವನಾಗಿದ್ದ. ಕೆಳಗೆ ಕೈ ಕಟ್ಟಿ ನಿಲ್ಲುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ಕೊನೆಗೂ ಅವನೆದುರು ಬಂದು ನಿಂತು ಮಂಡಿಯ ಹಿಮ ಕೊಡವಿಕೊಂಡಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅವತ್ತು ಕನ್ನಡದಲ್ಲಿ ಹೇಳಿದಳು, “ಬೋರ್ಡ್ ತುಂಬಾ ಚೆನ್ನಾಗಿದೆ ಅಪ್ಪ. ನಂಗೇ ಸರಿಯಾಗಿ ಬರಲ್ಲ.”

ತಪ್ಪು ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಅವಳು ಮೂರು ವಾರ ಬಿದ್ದದ್ದೆಲ್ಲ, ಅವನಿಗಾಗಿ ಬಿದ್ದದ್ದೆಲ್ಲ, ವ್ಯರ್ಥವಾಗುತ್ತಿತ್ತು.

“ಬರುತ್ತೆ ಪುಟ್ಟಿ,” ಎಂದ ರಘೋತ್ತಮ. “ಇನ್ನೊಂದ್ಸಲ ಹೋಗಿ ಬಾ, ನೋಡ್ತೀನಿ.”

ಅವಳು ಬೋರ್ಡು ಹೊತ್ತು ಮತ್ತೆ ಲಿಫ್ಟಿನ ಕಡೆ ನಡೆದಳು.