ಹೂಲಿಯಲ್ಲಿ ನಿಲ್ಲುತ್ತಿದ್ದ ಫಟಫಟಿ

ಗ್ಯಾಸಬತ್ತಿ ಗಂಗಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆತ ತೀರಿಕೊಂಡು ಎಂಟು ವರ್ಷವಾಯಿತು. ಎದುರಿಗೆ ಬಂದು ಕೂತರೆ ಈಗಲೂ ನಾಲ್ಕು ಮಾತು ಬೈದು, ಆಮೇಲೆ ಚಹಾ ತರಿಸುತ್ತೇನೆ. ಅಂಥ ಸಿಟ್ಟು ಅದು.

ಸವದತ್ತಿಯ ಪೇಟೆಯಲ್ಲಿ ಬಸಲಿಂಗಪ್ಪ ಸಾಹುಕಾರರ ಹತ್ತಿ ಅಂಗಡಿಯಲ್ಲಿ ನಾನು ಕಾರಕೂನನಾಗಿದ್ದೆ. ನಮ್ಮೆದುರಿಗೇ ಗಂಗಪ್ಪನ ಗೂಡಂಗಡಿ. ಮದುವೆಮನೆಗಳಲ್ಲಿ ಉರಿಯುವ ಗ್ಯಾಸಬತ್ತಿ ಕೆಟ್ಟರೆ ಅವನ ಹತ್ತಿರ ಬರುತ್ತಿತ್ತು. ಎಣ್ಣೆ ಬರುವ ಸಣ್ಣ ತೂತಿನಲ್ಲಿ ಕಸ ಕೂತರೆ ಚುಚ್ಚಿ ಬಿಡಿಸಲು ಕೂದಲಿನಂಥ ಒಂದು ಪಿನ್ನು ಬೇಕು. ಅದನ್ನು ಆತ ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಹೊಲಿಗೆಯ ಮಷಿನ್ನು, ಗೋಡೆ ಗಡಿಯಾರ, ಬೀಗ, ಏನು ಕೊಟ್ಟರೂ ಕಿವಿಗಿಟ್ಟು ಕೇಳಿ, ಬಿಚ್ಚಿ, ಸರಿಮಾಡಿ ಕೊಡುವವನು. ತನ್ನ ಸಂಸಾರ ಒಂದನ್ನು ಬಿಟ್ಟು.

ಅವನ ಹೆಂಡತಿ ಮರೆವ್ವ, ರಾಮದುರ್ಗದವಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಹುಟ್ಟಿದ ಹೆಣ್ಣುಕೂಸು ಒಂಬತ್ತು ದಿನ ಬದುಕಿ ಹೋಯಿತು. ಸುದ್ದಿ ಬಂದಾಗ ಈತ ಯಾರದೋ ಮದುವೆಮನೆಯಲ್ಲಿ ಹತ್ತು ಗ್ಯಾಸಬತ್ತಿ ತೂಗುಹಾಕುತ್ತಿದ್ದ. ಮದುವೆ ಮುಗಿಸಿಕೊಂಡು ಹೋದರಾಯಿತು ಎಂದುಕೊಂಡ. ಮದುವೆ ನಾಲ್ಕು ದಿನ ನಡೆಯಿತು. ಆಮೇಲೆ ಇನ್ನೊಂದು ಮದುವೆ. ಅಷ್ಟರಲ್ಲಿ ತಿಂಗಳಾಗಿ, ಹೋಗಲು ನಾಚಿಕೆಯಾಯಿತು. ನಾಚಿಕೆಯಲ್ಲೇ ಎರಡು ವರ್ಷ ಕಳೆಯಿತು.

ನಮ್ಮ ಕಡೆ ಹೆರಿಗೆಗೆ ಹೋದವಳು ತಾನಾಗಿ ಬರುವುದಿಲ್ಲ. ಗಂಡನ ಮನೆಯವರು ಹೋಗಿ ಕರೆದುಕೊಂಡು ಬರಬೇಕು. ಗಂಗಪ್ಪನ ಮನೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಹೋಗಿ ಕರಕೊಂಡ ಬಾರೋ ಮಾರಾಯಾ," ಎಂದು ನಾನು ನೂರು ಸಲ ಹೇಳಿದ್ದೇನೆ.

"ಯಾವ ಮಾರಿ ತಗೊಂಡ ಹೋಗ್ಲಿರಿ ಕಾರಕೂನ್ರ? ಕೂಸಿನ ಮಣ್ಣಿಗಿ ಬರಲಿಲ್ಲ ನಾನು," ಎನ್ನುತ್ತಿದ್ದ.

ಅವಳ ನೆನಪು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮರೆವ್ವ ಯಲ್ಲಮ್ಮನ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು, ಹರಳೆಣ್ಣೆಯಲ್ಲಿ ಕಲಸಿ ಗಂಡನ ಸಾಮಾನುಗಳಿಗೆಲ್ಲ ಹಚ್ಚುತ್ತಿದ್ದಳು. ಉಗರಗೋಳದಿಂದ ತಂದ ಆ ಭಂಡಾರದ ಗಂಟನ್ನು ಮನೆಯ ಗೂಟಕ್ಕೆ ಕಟ್ಟಿ ಹೋಗಿದ್ದಳು. ಅವಳು ಹೋದ ಮೇಲೆ ಗಂಗಪ್ಪ ತಾನೇ ಕಲಸಿ ಹಚ್ಚತೊಡಗಿದ. ಗಂಟು ಮುಗಿಯಬಾರದೆಂದು ಚಿಟಿಕೆಯಷ್ಟೇ ತೆಗೆಯುತ್ತಿದ್ದ.

ಹೀಗಿರುವಾಗ, ಸಾವಿರದ ಒಂಬೈನೂರ ಇಪ್ಪತ್ತೆರಡರ ದೀಪಾವಳಿಗೆ ಕೆಲವು ದಿನ ಮೊದಲು, ನಮ್ಮ ಸಾಹುಕಾರರು ಬೆಳಗಾವಿಯಿಂದ ಒಂದು ಫಟಫಟಿ ತಂದರು. ವಿಲಾಯತಿಗೆ ಹೊರಟ ಯಾರೋ ಬಿಳಿಯ ಇಂಜಿನಿಯರ ಬಿಟ್ಟುಹೋದದ್ದು. ಎರಡು ಗಿಡ್ಡ ಗಾಲಿ, ಕಾಲಿಡಲು ಒಂದು ಹಲಗೆ, ಕೂಡ್ರಲು ಕಂಬದ ಮೇಲೊಂದು ಸೀಟು, ಹಿಂದೆ ಉಪ್ಪಿನಕಾಯಿ ಭರಣಿಯಷ್ಟು ಇಂಜಿನ್ನು, ಅದರ ಮೇಲೆ ಪೆಟ್ರೋಲಿನ ಟಾಕಿ. ಸಾಹುಕಾರರ ದೇಹಕ್ಕೂ ಅದಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಆದರೂ ನೆಟ್ಟಗೆ ಕೂತು ಪೇಟೆ ತುಂಬ ಸುತ್ತಿದರು. ತಿಂಗಳು ಕಳೆಯುವುದರಲ್ಲಿ ಅದು ದಾರಿಯ ನಡುವೆ ನಿಲ್ಲತೊಡಗಿತು. ಒಂದು ದಿನ ಬಿಸಿಲಲ್ಲಿ ಅದನ್ನು ನೂಕಿಕೊಂಡು ಬಂದು, ಗಂಗಪ್ಪನ ಅಂಗಡಿಯ ಮುಂದೆ ನಿಲ್ಲಿಸಿದರು.

"ಗಂಗಪ್ಪಾ, ಇದನ್ನ ರಾಸ್ತ ಮಾಡು. ನಂಬಿಗಸ್ತ ಆತಂದ್ರ ಮೊದಲ ಸವಾರಿ ನಿಂದ. ಎಲ್ಲಿ ಬೇಕಾದಲ್ಲಿ ಹೋಗಿ ಬಾ," ಎಂದರು.

ಗಂಗಪ್ಪನ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಎಲ್ಲಿಗೆ ಹೋಗುವ ಆಸೆಯೆಂದು ಕೇಳಬೇಕಾಗಿರಲಿಲ್ಲ. ಅದೇ ವಾರ ಮರೆವ್ವನ ಅಣ್ಣ ಶಂಕ್ರೆಪ್ಪ ಬಂಡಿಯವರ ಕೈಯಲ್ಲಿ ಕಡೆಯ ಮಾತು ಹೇಳಿ ಕಳಿಸಿದ್ದ: ಶಿವರಾತ್ರಿಯೊಳಗೆ ಬಂದು ಕರೆದುಕೊಂಡು ಹೋಗದಿದ್ದರೆ, ತಂಗಿಯನ್ನು ಇನ್ನೊಬ್ಬನಿಗೆ ಉಡಿಕೆಯ ಮರುಮದುವೆ ಮಾಡಿ ಕೊಟ್ಟುಬಿಡುತ್ತೇವೆ.

"ಇವತ್ತ ನಡಿಯೋ! ಇಪ್ಪತ್ನಾಕ ಮೈಲಿ," ಎಂದೆ.

"ಬರೇ ಕೈಬೀಸಿಕೊಂಡ ಹೋದ್ರ ಭಾವ ಬಾಗಲದಾಗ ನಿಂದರಸ್ತಾನ್ರಿ. ಫಟಫಟಿ ಮ್ಯಾಲ ಹೋದ್ರ ಓಣಿ ಮಂದೆಲ್ಲ ಕೂಡತಾರ. ಮಂದಿ ಮುಂದ ಬ್ಯಾಡ ಅನ್ನೂದು ಆಗೂದಿಲ್ಲ ಅವಗ," ಎಂದ. ನಾಚಿದ ಮುಖಕ್ಕೆ ಒಂದು ಮರೆ ಬೇಕಾಗಿತ್ತು ಅವನಿಗೆ. ಅದು ಫಟಫಟಿಯ ರೂಪದಲ್ಲಿ ಸಿಕ್ಕಿತ್ತು.

ರಿಪೇರಿ ಶುರುವಾಯಿತು. ಇಂಜಿನ್ನು ಬಿಚ್ಚಿದ. ಕಿಡಿ ಹಾರಿಸುವ ಪ್ಲಗ್ಗನ್ನು ಉಜ್ಜಿ ಬೆಳಗಿದ. ಪೆಟ್ರೋಲಿನ ನಳಿಗೆಯನ್ನು ಬಾಯಿಂದ ಊದಿದ. ಇಂಜಿನ್ನಿನ ತೂತುಗಳಿಗೆಲ್ಲ ಪಿನ್ನು ಹಾಕಿದ. ಪೆಟ್ರೋಲನ್ನು ಧೋತರದ ಅರಿವೆಯಲ್ಲಿ ಎರಡೆರಡು ಸಲ ಸೋಸಿದ. ಆಮೇಲೆ ಅಂಗಡಿಯ ಮುಂದೆ ಟಾಕಿಯ ಮುಚ್ಚಳ ತೆಗೆದಿಟ್ಟು, ಪೆಟ್ರೋಲು ಎಷ್ಟೆಷ್ಟು ಇಳಿಯುತ್ತದೆ ಎಂದು ಇಣುಕುತ್ತ ಒಂದು ತಾಸು ಓಡಿಸಿದ. ಒಮ್ಮೆಯೂ ನಿಲ್ಲಲಿಲ್ಲ. ಗುರುವಾರ ಅಂಗಡಿಗೆ ರಜೆ. ರುಮಾಲು ಬಿಗಿದುಕೊಂಡು ರಾಮದುರ್ಗದ ಹಾದಿ ಹಿಡಿದ.

ಹೂಲಿಯ ಹಳೆಯ ಗುಡಿಗಳು ಕಾಣುವಲ್ಲಿ, ಆರು ಮೈಲಿಗೆ, ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದ. ಅರ್ಧ ಟಾಕಿ ಪೆಟ್ರೋಲಿತ್ತು. ಮುಚ್ಚಿ, ನೂಕಿ ಹತ್ತಿದ. ಏನೂ ಆಗದ ಹಾಗೆ ಶುರುವಾಯಿತು! ಆದರೆ ಅವನ ಧೈರ್ಯ ನಿಂತುಹೋಗಿತ್ತು. ರಾಮದುರ್ಗದ ಓಣಿಯಲ್ಲಿ, ಭಾವನ ಕಣ್ಣೆದುರಿಗೆ ಹೀಗೆ ನಿಂತರೆ? ತಿರುಗಿಸಿಕೊಂಡು ಬಂದುಬಿಟ್ಟ.

ಮುಂದಿನ ಗುರುವಾರವೂ ಅದೇ. ಅದರ ಮುಂದಿನ ಗುರುವಾರವೂ ಅದೇ. ಅಂಗಡಿಯ ಮುಂದೆ ಎಷ್ಟು ಹೊತ್ತಾದರೂ ಓಡುವ ಇಂಜಿನ್ನು, ಹೂಲಿ ಬಂತೆಂದರೆ ಸಾಕು, ಮುಂದೆ ಹೋಗಲೊಲ್ಲದು.

"ಅಕಿಗಿ ನಾ ಬ್ಯಾಡ ಆಗೇನಿರಿ ಕಾರಕೂನ್ರ. ಅದು ಈ ಕಬ್ಬಿಣಕ್ಕೂ ತಿಳದೈತಿ," ಎಂದು ಒಂದು ಸಂಜೆ ಕಣ್ಣಿಗೆ ರುಮಾಲಿನ ತುದಿ ಒತ್ತಿಕೊಂಡ. ನಾನು ಬೈದೆ. ಬೈದದ್ದು ಸಾಲದಾಯಿತು ಎಂದು ಈಗ ಅನ್ನಿಸುತ್ತದೆ.

ಹನ್ನೊಂದನೆಯ ಗುರುವಾರ. ಶಿವರಾತ್ರಿಗೆ ಹದಿಮೂರು ದಿನವಿತ್ತು. ಫಟಫಟಿ ಹೂಲಿಯಲ್ಲಿ ನಿಂತಿತು. ಅವತ್ತು ಗಾಳಿಯಿರಲಿಲ್ಲ, ಹಾದಿಯಲ್ಲಿ ಬಂಡಿಗಳೂ ಇರಲಿಲ್ಲ. ಗಂಗಪ್ಪ ಮುಚ್ಚಳ ತಿರುವಿದಾಗ ಸುಸ್ಸ್ ಎಂದು ಸಣ್ಣ ಸಪ್ಪಳ ಕೇಳಿಸಿತು. ಹುಟ್ಟಿದಾರಭ್ಯ ಗ್ಯಾಸಬತ್ತಿಯ ಸುಸ್ಸ್ ಕೇಳಿದ ಕಿವಿ ಅದು. ಬತ್ತಿಯ ಮುಚ್ಚಳ ಸಡಿಲಿಸಿದರೆ ಗಾಳಿ ಹೊರಗೆ ನುಗ್ಗುತ್ತದೆ. ಇಲ್ಲಿ ಬೆರಳಿಟ್ಟು ನೋಡಿದರೆ ಗಾಳಿ ಒಳಗೆ ಹೋಗುತ್ತಿತ್ತು.

ಅಂದರೆ ಟಾಕಿಗೆ ಉಸಿರು ಕಟ್ಟಿತ್ತು. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಬರಬೇಕು; ಬರದಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಅಂಗಡಿಯ ಮುಂದೆ ಮುಚ್ಚಳ ತೆಗೆದಿಟ್ಟೇ ಓಡಿಸುತ್ತಿದ್ದುದರಿಂದ ಅಲ್ಲಿ ಎಂದೂ ನಿಂತಿರಲಿಲ್ಲ. ಗಾಳಿ ಬರುವ ದಾರಿ ಎಲ್ಲಿದೆ ಎಂದು ಮುಚ್ಚಳವನ್ನು ತಿರುಗಿಸಿ ನೋಡಿದ. ಮೇಲೆ, ನಟ್ಟನಡುವೆ, ಕಾಸಿನಗಲ ಭಂಡಾರ ಹತ್ತಿಕೊಂಡಿತ್ತು. ಮಂಗಳವಾರ, ಶುಕ್ರವಾರ ತಪ್ಪದೆ ಎಣ್ಣೆಯಲ್ಲಿ ಕಲಸಿ ಅವನೇ ಹಚ್ಚಿದ್ದು. ಅದರ ಕೆಳಗಿತ್ತು ಸಾಸಿವೆಗಿಂತ ಸಣ್ಣ ತೂತು.

ಆ ತೂತನ್ನು ಮೊದಲ ದಿನವೇ ನೋಡಿದ್ದನಂತೆ! ಬಿಳಿಯ ಜನವೂ ಬೊಟ್ಟು ಇಡಲು ಜಾಗ ಗುರುತುಮಾಡಿ ಕಳಿಸಿದ್ದಾರೆ ಎಂದುಕೊಂಡು, ಭಕ್ತಿಯಿಂದ ಸರಿಯಾಗಿ ಅಲ್ಲೇ ಹಚ್ಚಿದ್ದ. ಸಾಹುಕಾರರ ಮನೆಯಲ್ಲೂ ದೀಪಾವಳಿಯ ಪೂಜೆಗೆ ಅಲ್ಲೇ ಬೊಟ್ಟು ಇಟ್ಟಿದ್ದರಂತೆ. ಊರಿನ ತೂತನ್ನೆಲ್ಲ ಬಿಡಿಸುವ ಪಿನ್ನು ತಲೆಯ ಮೇಲಿಟ್ಟುಕೊಂಡು, ಈ ಒಂದನ್ನು ತಾನೇ ಮುಚ್ಚಿದ ಮನುಷ್ಯನಿಗೆ ಏನೆನ್ನಬೇಕು?

ಪಿನ್ನು ತೆಗೆದು ಚುಚ್ಚಿದ. ಕೆತ್ತಿದ ಭಂಡಾರವನ್ನು ಚೆಲ್ಲಲು ಮನಸ್ಸಾಗದೆ ಹಣೆಗೆ ಹಚ್ಚಿಕೊಂಡ. ಹತ್ತಿ ಕೂತವನು ರಾಮದುರ್ಗದವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಓಣಿಯ ಮಂದಿ ಕೂಡಿದರು. ಭಾವ ಶಂಕ್ರೆಪ್ಪ ಬಾಯಿ ತೆರೆದು ನಿಂತ. ಎಲ್ಲವೂ ಇವನು ಎಣಿಸಿದಂತೆಯೇ ಆಯಿತು. ಮರೆವ್ವ ಒಳಗಿನಿಂದ ಬಂದಳು. ಸೊರಗಿದ್ದಳು. ಫಟಫಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗಂಡನ ಕೈಗೆ ನೀರಿನ ತಂಬಿಗೆ ಕೊಟ್ಟಳು.

"ಹನ್ನೊಂದ ಬೇಸ್ತವಾರ ಆತು," ಎಂದಳು. "ಬಂಡಿಯವರು ಬಂದ ಹೇಳತಿದ್ರು. ಇವತ್ತ ನಿನ್ನ ಗಂಡ ಹೂಲಿತನಕ ಬಂದಿದ್ದ, ಹೊಳ್ಳಿ ಹೋದ ಅಂತ. ಬೇಸ್ತವಾರ ಬಂತಂದ್ರ ತೆಲಿ ಹಿಕ್ಕೊಂಡ ಬಾಗಲದಾಗ ಕುಂಡರತಿದ್ನಿ. ಯಾಕ ಹೊಳ್ಳಿ ಹೋಗತಿದ್ರಿ?"

"ಗಾಡಿ ನಿಂದರತಿತ್ತ. ಅದಕ..."

"ಗಾಡಿ ನಿಂತ್ರ ನಿಮ್ಮ ಕಾಲೂ ನಿಂತಿದ್ವೇನ್ರಿ?"

ಗಂಗಪ್ಪ ತಂಬಿಗೆ ಹಿಡಿದುಕೊಂಡೇ ನಿಂತಿದ್ದ. ಅವಳು ಕಣ್ಣೊರೆಸಿಕೊಂಡಳು.

"ಇದನ್ನ ಯಾರದೈತಿ ಅವರಿಗಿ ಕೊಟ್ಟ ಬರ್ರಿ. ನಾ ಇದರ ಮ್ಯಾಲ ಬರೂದಿಲ್ಲ. ಮುಂದಿನ ಬೇಸ್ತವಾರ ನಡಕೋತ ಬರ್ರಿ. ಬುತ್ತಿ ಕಟಗೊಂಡ ಕುಂತಿರತೇನಿ."

ಆತ ನಡೆದುಕೊಂಡು ಹೋದ. ನಸುಕಿಗೆ ಮೊದಲೇ ಹೊರಟು ಮಧ್ಯಾಹ್ನಕ್ಕೇ ಮುಟ್ಟಿದ. ಅವಳು ಬುತ್ತಿ ಕಟ್ಟಿಕೊಂಡು ಕೂತಿದ್ದಳು. ಒಂದು ರಾತ್ರಿ ಅಲ್ಲಿದ್ದು, ಮರುದಿನ ಇಬ್ಬರೂ ನಡೆದೇ ಬಂದರು. ಹೂಲಿಯಲ್ಲಿ ಕೂತು ರೊಟ್ಟಿ ತಿಂದರಂತೆ. ಫಟಫಟಿಯ ಮೇಲೆ ನಮ್ಮ ಸಾಹುಕಾರರು ಮತ್ತೆ ಕೂತು ಮೆರೆದರು, ಆಮೇಲೆ ಬೇಸರ ಬಂದು ಯಾರಿಗೋ ಮಾರಿದರು.

ಮರೆವ್ವ ನಾಲ್ಕು ವರ್ಷ ಬಾಳಿದಳು. ಐದನೆಯ ಮಳೆಗಾಲದಲ್ಲಿ ವಿಷಮಶೀತಜ್ವರ ಬಂದು ತೀರಿಕೊಂಡಳು. ಮಕ್ಕಳಾಗಲಿಲ್ಲ. ಗಂಗಪ್ಪ ಇನ್ನೊಂದು ಮದುವೆಯಾಗಲಿಲ್ಲ. ಗುರುವಾರ ಅಂಗಡಿ ಮುಚ್ಚಿ ಹೂಲಿಯವರೆಗೆ ನಡೆದು ಹೋಗಿ, ಸ್ವಲ್ಪ ಕೂತು, ಬರುತ್ತಿದ್ದ. ಮೊಣಕಾಲು ಸೋಲುವವರೆಗೂ ಹೀಗೇ ನಡೆಯಿತು.

ಕಡೆಗಾಲದಲ್ಲಿ ಅವನ ಹಾಸಿಗೆಯ ಹತ್ತಿರ ಕೂತು ನಾನು ಏನೋ ಸಮಾಧಾನ ಹೇಳಹೋದೆ. ನಾಲ್ಕು ವರ್ಷವಾದರೂ ಒಟ್ಟಿಗೆ ಇದ್ದಿರಲ್ಲ ಎಂದೆ.

"ಮೊದಲನೇ ಬೇಸ್ತವಾರನ ಗಾಡಿ ಅಲ್ಲೇ ಒಗದ ನಡದ ಹೋಗಿದ್ದರ," ಎಂದ, "ಇನ್ನೂ ಮೂರ ತಿಂಗಳ ಹೆಚ್ಚಿಗಿ ಇರತಿದ್ಲರಿ ನನ್ನ ಮನ್ಯಾಗ."