ಹಣ್ಣು ಹುಳ ಬಿಟ್ಟು ಬಾರದ ಅಕ್ಕ

ನನ್ನ ಅಕ್ಕನ ಮನೆಗೆ ಹೋಗುವವರು ಮುಡಿದ ಮಲ್ಲಿಗೆಯನ್ನು ಬಾಗಿಲಲ್ಲೇ ತೆಗೆದಿಡಬೇಕು. ಮಳವಳ್ಳಿಯಿಂದ ಬ್ಲಫ್ ಜಲಪಾತದ ಕಡೆಗೆ ಹೋಗುವ ದಾರಿಯ ಊರಲ್ಲಿ ಅವಳೂ ಭಾವನೂ ರೇಷ್ಮೆ ಹುಳ ಸಾಕುತ್ತಾರೆ. ಹುಳಕ್ಕೆ ವಾಸನೆ ಆಗದು. ಪೌಡರು, ಊದುಬತ್ತಿ, ಒಗ್ಗರಣೆಯ ಘಾಟು, ಯಾವುದೂ ಹುಳದ ಮನೆಯತ್ತ ಸುಳಿಯುವಂತಿಲ್ಲ. ಮದ್ದೂರಿನಿಂದ ಹೋದ ನನ್ನನ್ನು ಒಮ್ಮೆ ಮೂಸಿ ನೋಡಿ, ಮಾತಾಡಿಸುವ ಮೊದಲು ಮುಖ ತೊಳೆಯಲು ಕಳಿಸಿದ್ದಳು. ಹೆತ್ತ ಮಕ್ಕಳನ್ನೂ ನೀನು ಇಷ್ಟು ಮುಚ್ಚಟೆಯಾಗಿ ಸಾಕಲಿಲ್ಲ ಎಂದು ರೇಗಿಸಿದರೆ, ಮಕ್ಕಳು ಹೇಗೋ ಬೆಳೆಯುತ್ತವೆ, ಹುಳ ಬೆಳೆಯುವುದಿಲ್ಲ ಎನ್ನುತ್ತಿದ್ದಳು.

ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ಹಳದಿಗೆ ತಿರುಗಿತೆಂದರೆ ಹಣ್ಣಾಯಿತು ಎಂದು ಲೆಕ್ಕ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕಿದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಹೋದ ವರ್ಷ ಅಂಥ ಒಂದು ಬೆಳಿಗ್ಗೆ, ಬಗ್ಗಿ ಹುಳ ಆರಿಸುತ್ತಿದ್ದ ಅಕ್ಕನ ತಲೆಗೆ ಹಾರೆಯಲ್ಲಿ ಬಡಿದ ಹಾಗೆ ನೋವು ಬಂತಂತೆ. ಭಾವ ನೋವಿನ ಮುಲಾಮು ತಂದರು. ಹುಳದ ಮನೆಗೆ ಆ ವಾಸನೆ ತರಬೇಡಿ ಎಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿದಳು. ಮಳವಳ್ಳಿಗಾದರೂ ಹೋಗಿ ತೋರಿಸೋಣ ಎಂದರೆ, "ಉಳ ಅಣ್ಣಾಗವೆ. ಇವನ್ನ ಬುಟ್ಟು ನಾನೆಲ್ಲೂ ಬರಾಕಿಲ್ಲ," ಅಂದಳು.

ಒದ್ದೆ ಬಟ್ಟೆಯನ್ನು ತಲೆಗೆ ಬಿಗಿದುಕೊಂಡು ಮತ್ತೆ ಕೆಲಸಕ್ಕೆ ಕೂತಳು. ಭಾವ ಒತ್ತಾಯ ಮಾಡಲಿಲ್ಲ. ಸಂಜೆಯ ಹೊತ್ತಿಗೆ ನೋವು ಇಳಿಯಿತು. ಹುಳ ಹಣ್ಣಾಗುವ ದಿನ ಆ ಊರಲ್ಲಿ ಯಾರ ತಲೆ ನೋಯುವುದಿಲ್ಲ? ನನಗೆ ಫೋನು ಮಾಡಿ ಹೇಳುವಂಥ ಸುದ್ದಿಯೂ ಅದು ಅವರಿಗೆ ಅನ್ನಿಸಲಿಲ್ಲ.

ಐದಾರು ದಿನ ಕಳೆದು, ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸಿದ ಮಾರನೇ ದಿನ ಹಿತ್ತಿಲಲ್ಲಿ ತಟ್ಟೆ ತೊಳೆಯುತ್ತಿದ್ದವಳು ವಾಂತಿ ಮಾಡಿಕೊಂಡು ಬಿದ್ದಳು. ಮಂಡ್ಯದಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ರಕ್ತ ಇದೆ, ಈಗಲೇ ಮೈಸೂರಿಗೆ ಹೊರಡಿ ಎಂದರು. ನಾನು ಅಲ್ಲಿಗೇ ಓಡಿದೆ. ರಕ್ತನಾಳದಲ್ಲಿ ಒಂದು ಕಡೆ ಗುಳ್ಳೆಯಂತೆ ಉಬ್ಬಿ ಅದು ಒಡೆದಿದೆ ಎಂದು ಅಲ್ಲಿನ ಡಾಕ್ಟರು ವಿವರಿಸಿ, ಇಂಥ ನೋವು ಮೊದಲೂ ಬಂದಿತ್ತಾ ಎಂದು ಕೇಳಿದರು. ಭಾವ ತಲೆ ತಗ್ಗಿಸಿ ಹುಳದ ದಿನದ ಕಥೆ ಹೇಳಿದರು. ಅವತ್ತೇ ಸ್ವಲ್ಪ ಸೋರಿರಬಹುದು, ಆಗಲೇ ಬಂದಿದ್ದರೆ ಒಳ್ಳೆಯದಿತ್ತು ಎಂದಷ್ಟೇ ಅಂದರು ಡಾಕ್ಟರು. ಬಯ್ಯಲಿಲ್ಲ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತಲೆಬುರುಡೆ ತೆರೆಯುವುದು ಬೇಡ, ತೊಡೆಸಂದಿಯ ರಕ್ತನಾಳದಿಂದ ಕೂದಲಿನಂಥ ಕೊಳವೆ ತೂರಿಸಿ, ಆ ಗುಳ್ಳೆಯೊಳಗೆ ತೆಳು ತಂತಿಯ ಸುರುಳಿ ತುಂಬಿ ಮುಚ್ಚುತ್ತೇವೆ ಎಂದರು. ತುಂಬುವಾಗಲೇ ಮತ್ತೆ ಒಡೆಯಬಹುದು. ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಎಲ್ಲ ಸರಿಹೋದರೂ ಮುಂದಿನ ಕೆಲವು ದಿನ, ಚೆಲ್ಲಿದ ರಕ್ತದಿಂದ ಮಿಕ್ಕ ನಾಳಗಳು ಬಿಗಿದುಕೊಳ್ಳಬಹುದು. ಸುಮ್ಮನೆ ಬಿಟ್ಟರೆ ಇದೆಲ್ಲಕ್ಕಿಂತ ಅಪಾಯ. ಭಾವ ಒಪ್ಪಿದರು. ನನ್ನ ಕಡೆ ತಿರುಗಿ, ಹುಳ ಗೂಡು ಕಟ್ಟಿದ ಹಾಗೆ ಒಳಗೇ ಸುತ್ತುತ್ತಾರಂತೆ ಎಂದರು. ಅಂಥ ಹೊತ್ತಲ್ಲೂ ಹುಳದ ಮಾತು ಬಂತಲ್ಲ ಎಂದು ನನಗೆ ಮೈ ಉರಿಯಿತು.

ಸುರುಳಿ ಚೆನ್ನಾಗಿಯೇ ಕೂತಿತು. ಅಕ್ಕ ಕಣ್ಣು ಬಿಟ್ಟಳು, ನನ್ನನ್ನು ನೋಡಿ ಸೊರಗಿದ್ದೀಯಲ್ಲೇ ಅಂದಳು. ನಾವು ಗೆದ್ದೆವು ಅಂದುಕೊಂಡೆವು. ವಾರ ತುಂಬುವ ಹೊತ್ತಿಗೆ ಡಾಕ್ಟರು ಹೆದರಿದ್ದೇ ಆಯಿತು. ನಾಳಗಳು ಬಿಗಿದು, ಬಲಗೈ ಸೋತು, ಮಾತು ಅರ್ಧಕ್ಕೆ ನಿಂತಿತು. ಜೀವ ಉಳಿಯಿತು. ಎಷ್ಟೋ ಮಂದಿಗೆ ಅದೂ ಇಲ್ಲ ಎನ್ನುತ್ತಾರೆ, ನಿಜ. ಆದರೆ ನನ್ನನ್ನು ಮೂಸಿ ನೋಡಿ ಗದರುತ್ತಿದ್ದ ಅಕ್ಕ ಪೂರ್ತಿ ವಾಪಸು ಬರಲಿಲ್ಲ. ಈಗ ನಾನು ಮಲ್ಲಿಗೆ ಮುಡಿದೇ ಒಳಗೆ ಹೋದರೂ ಸುಮ್ಮನೆ ನಗುತ್ತಾಳೆ. ಆ ನಗು ಕಂಡರೆ ನನಗೆ ಸಂಕಟವಾಗುತ್ತದೆ.

ಸುರುಳಿ ಜಾಗ ಬಿಟ್ಟಿದೆಯೋ ಎಂದು ಆಗಾಗ ನೋಡಿಸುತ್ತಿರಬೇಕು. ಈ ಸಲ ಮೈಸೂರಿಗೆ ಬರಹೇಳಿದ್ದ ದಿನವೇ ಹುಳ ಹಣ್ಣಾದವು. ಜೊತೆಗೆ ಹೋಗಲೆಂದು ನಾನು ಬಂದಾಗ, ಅಕ್ಕ ಎಡಗೈಯಲ್ಲಿ ಚಂದ್ರಿಕೆಯ ಅಂಚು ಹಿಡಿದು ಕೂತಿದ್ದಳು.

"ಉಳ... ಅಣ್ಣಾಗವೆ," ಅಂದಳು.

ಭಾವ ಪಕ್ಕದ ಮನೆಯವರನ್ನು ಕರೆದು ಹುಳದ ಮನೆ ಒಪ್ಪಿಸಿದರು. ಆಮೇಲೆ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು.

"ಉಳ ಓದ್ರೆ ಓಗ್ಲಿ ಬುಡು. ನೀನು ನಡಿ ಮೊದ್ಲು."

ಬಸ್ಸಿನಲ್ಲಿ ಅವಳು ಹುಳ ನೆನೆದು ಅಳುತ್ತಾ ಕೂತಳು. ಭಾವ ಕಿಟಕಿಯ ಕಡೆ ತಿರುಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಹೋದ ವರ್ಷ ಬಿಡಲಾಗದ ಹುಳವನ್ನು ಬಿಟ್ಟು ಹೊರಡುವುದಕ್ಕೆ ಈ ಸಲ ನಮಗೆ ಹಿಡಿದದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು.